ಉಪ್ಪು ಹಾಕುವ ಕೈ

ನಮ್ಮ ಅಡುಗೆಮನೆಗೆ ಅವನನ್ನು ಆರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಅವನನ್ನು ಬೈಯುವಾಗ ನೀವು ಕೇಳಬಹುದು, ಅಷ್ಟು ಬೇಡದವನನ್ನು ಒಳಗೆ ಬಿಟ್ಟುಕೊಂಡವರು ಯಾರಮ್ಮ ಅಂತ. ಕೆಲಸ ಕೇಳಿಕೊಂಡು ಮೂರು ಜನ ಬಂದಿದ್ದರು. ಮೂವರ ಅಡುಗೆಯನ್ನೂ ತಿಂದು, ಬೆರಳು ತೋರಿಸಿ, ‘ಇವನೇ ಇರಲಿ’ ಅಂದವಳು ನಾನು. ಚೆನ್ನಾಗಿ ಮಾಡುತ್ತಾನೆ ಅಂತ ಅಲ್ಲ, ಹದಿನೈದು ದಿನವೂ ನಿಲ್ಲುವುದಿಲ್ಲ ಅಂತ.

ನನ್ನ ತಮ್ಮನದು ಅಡುಗೆ ಮಾಡಿಸಿ ಊಟ ಕಳಿಸುವ ವ್ಯಾಪಾರ. ತಮ್ಮನದು ಅಂತ ಬೋರ್ಡಿನಲ್ಲಿ ಬರೆದಿದೆ, ಇರಲಿ. ಅದು ಶುರುವಾದದ್ದು ನನ್ನ ಒಲೆಯ ಮೇಲೆ. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ತೀರಿಕೊಂಡು ನಾನು ತಮ್ಮನ ಮನೆಗೆ ಬಂದಾಗ, ಅವನ ಆಫೀಸಿನ ನಾಲ್ಕು ಜನಕ್ಕೆ ಮಧ್ಯಾಹ್ನದ ಡಬ್ಬಿ ಕಟ್ಟಿಕೊಡುತ್ತಿದ್ದೆ. ಸುಮ್ಮನೆ ಕೂತು ಅನ್ನ ತಿನ್ನುವ ಜಾಯಮಾನ ನನ್ನದಲ್ಲ. ನಾಲ್ಕು ಡಬ್ಬಿ ನಲವತ್ತಾಯಿತು, ತಮ್ಮ ಆಫೀಸು ಬಿಟ್ಟ, ಮನೆಯ ಹಿಂದೆ ಶೀಟು ಹೊದಿಸಿದ ದೊಡ್ಡ ಅಡುಗೆಮನೆ ಎದ್ದಿತು. ಈಗ ಆರು ಒಲೆ, ಒಬ್ಬ ಮನುಷ್ಯ ಒಳಗಿಳಿದು ಕೂರಬಹುದಾದ ಪಾತ್ರೆಗಳು, ಬಾಗಿಲಲ್ಲಿ ಒಂದು ವ್ಯಾನು.

ಆ ಅಡುಗೆಮನೆಗೆ ಕಾನೂನು ಅಂತ ಇದ್ದದ್ದು ಒಂದೇ. ಉಪ್ಪು ಹಾಕುವ ಕೈ ಒಂದೇ ಇರಬೇಕು. ಶುರುವಿನ ವರ್ಷ ಒಮ್ಮೆ ಯಾರದೋ ಮನೆಯ ಸಮಾರಂಭದ ನೂರೈವತ್ತು ಜನರ ಊಟಕ್ಕೆ ನಾನೂ ಉಪ್ಪು ಹಾಕಿದೆ, ನನಗೆ ಗೊತ್ತಿಲ್ಲದೆ ತಮ್ಮನೂ ಹಾಕಿದ. ಒಂದು ಪಾತ್ರೆ ತುಂಬ ಆಲೂಗಡ್ಡೆ ಪಲ್ಯ ಚರಂಡಿಯ ಪಾಲಾಯಿತು. ಅಕ್ಕ ತಮ್ಮ ಇಬ್ಬರೂ ತಲೆ ತಗ್ಗಿಸಿ ನಿಂತು ನೂರೈವತ್ತು ಜನರ ಬೈಗುಳ ಕೇಳಿಸಿಕೊಂಡು ಬಂದೆವು. ಅವತ್ತಿನಿಂದ ಉಪ್ಪಿನ ಡಬ್ಬಿ ನನ್ನದು. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಅದು, ಮುಚ್ಚಳ ಬಲು ಬಿಗಿ, ಒಲೆಯ ಎಡಗಡೆಯ ಹಲಗೆಯ ಮೇಲೆ ಅದರ ಜಾಗ. ತಮ್ಮನ ಹೆಂಡತಿಗೂ ಅದನ್ನು ಮುಟ್ಟುವ ಧೈರ್ಯ ಇರಲಿಲ್ಲ. ಯಾರು ಬೇಕಾದರೂ ಹೆಚ್ಚಲಿ, ಹುರಿಯಲಿ, ಕಲಸಲಿ, ಕೊನೆಗೆ ‘ಅಕ್ಕ, ಉಪ್ಪು’ ಅಂತ ನನ್ನನ್ನು ಕೂಗಲೇಬೇಕು. ಕೂಗಿದ ಮೇಲೆ ನಾನು ಒಂದು ಗಳಿಗೆ ತಡ ಮಾಡಿಯೇ ಹೋಗುತ್ತಿದ್ದೆ.

ಇನ್ನೊಂದು ಮಾತು. ನಾನು ರುಚಿ ನೋಡಿ ಉಪ್ಪು ಹಾಕುವವಳಲ್ಲ. ಪಾತ್ರೆಯನ್ನು ನೋಡುತ್ತೇನೆ, ಕುದಿಯನ್ನು ನೋಡುತ್ತೇನೆ, ಹಿಡಿ ಹಿಡಿಯಾಗಿ ಹಾಕಿ ಕೈ ಕೊಡವುತ್ತೇನೆ. ನಾಲಿಗೆಗೆ ತಾಗಿಸಿಕೊಂಡು ಅಂದಾಜು ಮಾಡುವುದು ಹೊಸಬರ ಕೆಲಸ ಅಂತ ಇಪ್ಪತ್ತೆರಡು ವರ್ಷ ಎಲ್ಲರ ಮುಂದೂ ಜಂಬ ಕೊಚ್ಚಿದ್ದೇನೆ. ಒಂದು ದಿನವೂ ತಪ್ಪಿಲ್ಲ, ಅದೂ ನಿಜ.

ಹೀಗಿರುವಾಗ ದಾರದ ಕಾರ್ಖಾನೆಯವರು ದಿನಾ ನಾನೂರು ಜನಕ್ಕೆ ಊಟ ಬೇಕು ಅಂತ ತಮ್ಮನನ್ನು ಕರೆಸಿದರು. ಬಂದವನೇ ನನ್ನ ಮುಂದೆ ಒಂದು ಕಾಗದ ಹಿಡಿದ.

“ಮುಖ್ಯ ಅಡುಗೆಯವರು ಯಾರು ಅಂತ ಬರೀಬೇಕಂತೆ ಅಕ್ಕ. ದೊಡ್ಡ ಅಡುಗೆಮನೇಲಿ ಕೆಲಸ ಮಾಡಿದ ಪತ್ರ ಬೇಕಂತೆ.”

“ನನ್ನ ಹೆಸರು ಬರಿ.”

“ನಿನ್ನ ಹತ್ರ ಪತ್ರ ಎಲ್ಲಿದೆ?”

“ನಿನ್ನ ಹೊಟ್ಟೆ ಇದೆಯಲ್ಲ, ಅದೇ ಪತ್ರ. ಎಷ್ಟು ಮುಂದೆ ಬಂದಿದೆ ನೋಡ್ಕೋ.”

ತಮ್ಮ ನಕ್ಕ. ನಗುತ್ತಲೇ, “ನಿಂಗೂ ವಯಸ್ಸಾಯ್ತು, ಸ್ವಲ್ಪ ರೆಸ್ಟ್ ಬೇಡ್ವಾ? ಒಬ್ಬರನ್ನ ಇಟ್ಕೊಳ್ಳೋಣ. ಆರಿಸೋಳು ನೀನೇ,” ಅಂದ. ರೆಸ್ಟ್ ಅನ್ನುವ ಆ ಮಾತು ನನ್ನ ಎದೆಗೆ ನಾಟಿತು. ಐವತ್ತೆಂಟು ಒಂದು ವಯಸ್ಸೇ? ಅವನು ಕೊಳೆ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ ತುತ್ತು ಇಟ್ಟ ಕೈ ಇದು. ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುವ ಮುದುಕಿಯಾಗಿ ನನ್ನನ್ನು ಅಲ್ಲೇ ಕಣ್ಣಾರೆ ಕಂಡೆ. ಆರಿಸುವುದು ನನ್ನ ಕೈಯಲ್ಲಿದೆ ತಾನೆ, ನೋಡಿಕೊಳ್ಳೋಣ ಅಂದುಕೊಂಡೆ.

ಪರೀಕ್ಷೆಯ ದಿನ ಮೂವರಿಗೂ ಒಂದೇ ಅಡುಗೆ ಹೇಳಿದೆವು, ಅನ್ನ ಮತ್ತು ಕಡಲೆಕಾಳಿನ ಗ್ರೇವಿ. ಮೊದಲನೆಯವನು ಬಿಳಿ ಕೋಟು ತೊಟ್ಟು ಬಂದಿದ್ದ. ಅಡುಗೆಗಿಂತ ಮಾತು ಹೆಚ್ಚು ಬೇಯಿಸಿದ. ಅವನನ್ನು ತಮ್ಮನೇ ಬೇಡ ಅಂದ. ಎರಡನೆಯವಳು ನಲವತ್ತರ ಹೆಂಗಸು, ಬಂದವಳೇ ಸೆರಗು ಸಿಕ್ಕಿಸಿ ನಿಂತಳು. ಅವಳು ಈರುಳ್ಳಿ ಹುರಿದ ಪರಿಮಳಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು. ತಮ್ಮನ ಹೆಂಡತಿಯಂತೂ ಎರಡು ಸಲ ಬಡಿಸಿಕೊಂಡು ತಿಂದಳು. ಇವಳು ಬಂದರೆ ನನ್ನ ಕಥೆ ಮುಗಿಯಿತು ಅಂತ ಮೊದಲ ತುತ್ತಿಗೇ ಗೊತ್ತಾಯಿತು. “ಎಣ್ಣೆ ಜಾಸ್ತಿ. ನಾನೂರು ಜನಕ್ಕೆ ಹೀಗೆ ಸುರಿದರೆ ಎಲ್ಲರ ಹೊಟ್ಟೆ ಕೆಡುತ್ತೆ,” ಅಂದೆ. ಎಣ್ಣೆ ಸರಿಯಾಗಿಯೇ ಇತ್ತು.

ಮೂರನೆಯವನು ಇವನು. ನಲವತ್ತೈದರ ಆಸುಪಾಸು, ಗಾಳಿ ಬೀಸಿದರೆ ಬಾಗಿಲು ಹಿಡಿದುಕೊಳ್ಳಬೇಕು ಅನ್ನುವಂಥ ಮೈ. ಆಗಲೇ ನಾನು ಮನಸ್ಸಿನಲ್ಲಿ ಕಡ್ಡಿ ಅಂತ ಹೆಸರಿಟ್ಟೆ. ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟ, ಟವೆಲಿನಲ್ಲಿ ಸುತ್ತಿ ತಂದಿದ್ದ ತನ್ನದೇ ಚಾಕು ತೆಗೆದ. ನಾವು ನೋಡುತ್ತಿದ್ದೇವೆ ಅಂತ ತಿಳಿದ ಕೂಡಲೇ ಅವನ ಕೈ ನಡುಗಿ ಒಂದು ತಟ್ಟೆ ಬಿತ್ತು. ಒಂದು ಮಾತಿಲ್ಲ, ಕತೆಯಿಲ್ಲ. ಗ್ರೇವಿ ಕುದಿಯುವಾಗ ಹಲಗೆಯ ಮೇಲಿನ ಡಬ್ಬಿಯನ್ನೂ ನನ್ನನ್ನೂ ನೋಡಿ ಕೇಳಿದ, “ಇಲ್ಲಿ ಉಪ್ಪು ಯಾರು ಹಾಕ್ತಾರೆ?”

“ನಾನು.”

“ಹಾಗಾದ್ರೆ ಬನ್ನಿ ಅಕ್ಕ,” ಅಂತ ಪಾತ್ರೆಯ ಮುಂದಿನಿಂದ ಸರಿದು ನಿಂತ.

ಅಯ್ಯೋ, ಉಪ್ಪಿನ ಅಂದಾಜೂ ಗೊತ್ತಿಲ್ಲದ ಬಡಪಾಯಿ ಅಂದುಕೊಂಡೆ. ಕೈ ನಡುಗುತ್ತದೆ, ಬಾಯಿ ಬಿಡುವುದಿಲ್ಲ, ಉಪ್ಪಿಗೆ ನಾನೇ ಬೇಕು. ಇದಕ್ಕಿಂತ ಒಳ್ಳೆಯ ಹೊಸಬ ನನಗೆ ಎಲ್ಲಿ ಸಿಕ್ಕಾನು? ಉಪ್ಪು ಹಾಕಿದೆ, ಎಲ್ಲರೂ ತಿಂದರು, ಚೆನ್ನಾಗಿಯೇ ಇತ್ತು. ತಮ್ಮ ಹೆಂಗಸಿನ ಕಡೆಗೂ ಇವನ ಕಡೆಗೂ ತೂಗುತ್ತಿದ್ದಾಗ ನಾನು ಬೆರಳು ತೋರಿಸಿದೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಇದ್ದ ಪತ್ರ ಅವನ ಬಳಿ ಇತ್ತು. ತಮ್ಮನಿಗೆ ಅಷ್ಟು ಸಾಕಾಯಿತು.

ಹದಿನೈದು ದಿನ ಅಂದಿದ್ದೆನಲ್ಲ, ಹದಿನೈದು ದಿನದಲ್ಲಿ ಇಡೀ ಅಡುಗೆಮನೆ ಅವನದಾಯಿತು. ಕೈ ನಡುಗುವುದು ಯಾರಾದರೂ ನೆಟ್ಟ ನೋಟ ನೋಡಿದರೆ ಮಾತ್ರ. ನೋಡದಿದ್ದರೆ ಅವನ ಚಾಕು ಹೋಗುವ ವೇಗಕ್ಕೆ ಕಣ್ಣು ಸಾಲದು. ಹತ್ತು ಕಿಲೋ ಟೊಮೆಟೊ ಹೆಚ್ಚಿದರೂ ಹೆಚ್ಚುವ ಮಣೆಯ ಸುತ್ತ ಒಂದು ಬೀಜ ಬಿದ್ದಿರುತ್ತಿರಲಿಲ್ಲ. ಅನ್ನ ಉದುರು ಉದುರಾಗಿ ಬರುತ್ತಿತ್ತು. ನನ್ನ ಅನ್ನ ಒಮ್ಮೊಮ್ಮೆ ಮುದ್ದೆಯಾಗುತ್ತಿತ್ತು, ಅದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಈಗ ತಮ್ಮ ಹೇಳಿದ. “ಅನ್ನ ಅಂದ್ರೆ ಇದು ನೋಡು ಅಕ್ಕ.” ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ತಮ್ಮ ಅವನನ್ನು ಮಾಸ್ಟರ್ ಅಂತ ಕರೆಯತೊಡಗಿದ. ನನ್ನನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹಾಗೆ ಕರೆದವರಿಲ್ಲ. ಪಾತ್ರೆ ತೊಳೆಯುವವಳು ಒಬ್ಬಳಿದ್ದಾಳೆ, ಬೀದಿಯ ಸುದ್ದಿಯನ್ನೆಲ್ಲ ಹೊತ್ತು ತರುವುದರಿಂದ ಅವಳಿಗೆ ಟಪಾಲು ಅಂತಲೇ ಹೆಸರು. ಅವಳ ಮೊದಲ ಸುದ್ದಿ ಯಾವತ್ತೂ ನನಗೆ, ಮೊದಲ ಲೋಟ ಚಹಾ ನನಗೆ. ಒಂದು ದಿನ ನೋಡುತ್ತೇನೆ, ಮೊದಲ ಲೋಟ ಅವನ ಮಣೆಯ ಪಕ್ಕದಲ್ಲಿ ಕೂತಿದೆ. ಕೇಳಿದರೆ, “ಅವ್ರು ತಾವು ಮಾಡಿದ ಪಾತ್ರೆ ತಾವೇ ತೊಳೀತಾರೆ ಅಕ್ಕ, ಪಾಪ,” ಅಂದಳು. ಪಾಪ ಅಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಅವತ್ತು ನಾನೂ ಒಂದು ಪಾತ್ರೆ ತೊಳೆದೆ. ಯಾರೂ ಗಮನಿಸಲಿಲ್ಲ.

ಬೈಯೋಣವೆಂದರೆ ಅವನು ಕಾರಣ ಕೊಡುತ್ತಿರಲಿಲ್ಲ. ಬೇಗ ಬರುತ್ತಿದ್ದ, ಎಲ್ಲರ ಊಟವಾದ ಮೇಲೆ ನಿಂತುಕೊಂಡೇ ತಿನ್ನುತ್ತಿದ್ದ, ಕೇಳಿದ್ದಕ್ಕೆ ಅಷ್ಟೇ ಉತ್ತರ. ಮತ್ತೆ ಪ್ರತಿ ಸಲವೂ, ತಪ್ಪದೆ, “ಅಕ್ಕ, ಉಪ್ಪು.” ನಾನು ಬರುವವರೆಗೆ ಉರಿ ಸಣ್ಣ ಮಾಡಿ ಸರಿದು ನಿಲ್ಲುತ್ತಿದ್ದ. ಆ ವಿನಯ ಕಂಡರೆ ನನಗೆ ಇನ್ನಷ್ಟು ಹೊಟ್ಟೆಯುರಿ. ಎಲ್ಲವನ್ನೂ ಗೆದ್ದುಕೊಂಡು ಒಂದು ಹಿಡಿ ಉಪ್ಪನ್ನು ನನಗೆ ಭಿಕ್ಷೆ ಹಾಕುತ್ತಿದ್ದಾನೆ ಅನ್ನಿಸುತ್ತಿತ್ತು. ಆದರೂ ಅದೊಂದು ನನ್ನದಾಗಿತ್ತು. ಅದಿರುವ ತನಕ ನಾನು ಆ ಅಡುಗೆಮನೆಯಲ್ಲಿ ಯಾರೋ ಒಬ್ಬಳಾಗಿದ್ದೆ.

ಕಾರ್ಖಾನೆಯವರು ಒಂದು ದಿನದ ಊಟ ಉಂಡು ನೋಡಿ ಆಮೇಲೆ ಒಪ್ಪುತ್ತೇವೆ ಅಂದಿದ್ದರು. ಅದರ ಹಿಂದಿನ ದಿನ ಬೆಳಿಗ್ಗೆ ತಮ್ಮ ಎಲ್ಲರನ್ನೂ ಕೂಡಿಸಿದ. ಹಲಗೆಯ ಮೇಲಿನ ಡಬ್ಬಿಯನ್ನು ತಾನೇ ತೆಗೆದು ಕಡ್ಡಿಯ ಮೇಜಿನ ಮೇಲೆ ಇಟ್ಟ.

“ನಾನೂರು ಜನದ ಕೆಲಸ, ಜವಾಬ್ದಾರಿ ಒಬ್ಬರದೇ ಇರ್ಲಿ. ಇನ್ಮೇಲೆ ಉಪ್ಪೂ ಮಾಸ್ಟರೇ ಹಾಕ್ಲಿ. ಅಕ್ಕಂಗೆ ಬೆರಳು ಬೇರೆ ನೋವು.”

ಬೆರಳು ನೋವು ನಿಜ. ಹೋದ ವಾರ ವ್ಯಾನಿನ ಬಾಗಿಲಿಗೆ ಸಿಕ್ಕಿ ಬಲಗೈ ಹೆಬ್ಬೆರಳು ಬಾತಿತ್ತು, ಬಟ್ಟೆ ಸುತ್ತಿಕೊಂಡಿದ್ದೆ. ಕಡ್ಡಿ ನನ್ನ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ, ತಮ್ಮ ಆಗಲೇ ವ್ಯಾನಿನ ಲೆಕ್ಕಕ್ಕೆ ಹೊರಟಿದ್ದ. “ಆಗ್ಲಿ ಸರ್,” ಅಂತ ಅವನ ಬೆನ್ನಿಗೆ ಹೇಳಿದ. ಇಪ್ಪತ್ತೆರಡು ವರ್ಷದ ಡಬ್ಬಿ ಮೂರು ಹೆಜ್ಜೆ ಆಚೆಗೆ ಹೋಗಿತ್ತು, ಅಷ್ಟೆ. ನನಗೆ ಮಾತ್ರ ಯಾರೋ ಕೈ ಹಿಡಿದು ಮನೆಯಿಂದ ಆಚೆ ಬಿಟ್ಟ ಹಾಗಾಯಿತು. ಅವತ್ತು ನಾನು ಊಟ ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ, ಎಲ್ಲರೂ ಕಾಳು ನೆನೆಹಾಕುವುದರಲ್ಲಿದ್ದರು.

ಮರುದಿನ ಬೆಳಿಗ್ಗೆ ಹತ್ತೂವರೆ. ಎರಡು ದೊಡ್ಡ ಪಾತ್ರೆಗಳಲ್ಲಿ ಕಡಲೆಕಾಳಿನ ಗ್ರೇವಿ ಕುದಿಯುತ್ತಿತ್ತು. ನಾನು ಮೂಲೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ಕಡ್ಡಿ ಉರಿ ಸಣ್ಣ ಮಾಡಿ, ಒಂದು ಸಲ ನನ್ನನ್ನು ನೋಡಿ, ಅನ್ನದ ಪಾತ್ರೆಗಳನ್ನು ವ್ಯಾನಿಗೆ ಏರಿಸಲು ಹೊರಗೆ ಹೋದ. ಎಲ್ಲರೂ ಅವನ ಹಿಂದೆ ಹೋದರು. ಅಡುಗೆಮನೆಯಲ್ಲಿ ನಾನೊಬ್ಬಳೇ.

ಮೇಜಿನ ಮೇಲೆ ನನ್ನ ಡಬ್ಬಿ ಇತ್ತು. ಮುಚ್ಚಳ ತೆರೆದಿತ್ತು, ಸುತ್ತ ನಾಲ್ಕು ಹರಳು ಉಪ್ಪು ಚೆಲ್ಲಿತ್ತು, ಪಕ್ಕದಲ್ಲಿ ಒಂದು ಚಮಚ. ಹಾಕಿಬಿಟ್ಟಿದ್ದಾನೆ. ಕೂಗಲೂ ಇಲ್ಲ, ಒಂದು ಮಾತು ಹೇಳಲೂ ಇಲ್ಲ. ಕೊನೆಗೂ ನನ್ನ ಡಬ್ಬಿಗೆ ಕೈ ಹಾಕಿದ. ನನ್ನ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಎದ್ದು ಹೋಗಿ, ಒಂದೊಂದು ಪಾತ್ರೆಗೂ ನಾನು ಯಾವಾಗಲೂ ಹಾಕುವಷ್ಟನ್ನೇ ಹಾಕಿದೆ, ಹಿಡಿಗೆ ಹಿಡಿ. ಅವನದೂ ನನ್ನದೂ ಸೇರಿ ಬಾಯಿಗಿಡಲಾಗದಂತೆ ಆಗಲಿ. ಮಾಸ್ಟರ್ ಮಾಡಿದ್ದನ್ನು ನಾನೂರು ಜನ ಉಗುಳಲಿ. ಸೌಟು ಹಾಕಿ ಚೆನ್ನಾಗಿ ತಿರುವಿದೆ, ಬಂದು ಸೌತೆಕಾಯಿಯ ಮುಂದೆ ಕೂತೆ. ನನ್ನ ಕೈ ನಡುಗಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ವ್ಯಾನಿನಲ್ಲಿ ನಾನು ತಮ್ಮನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿದ್ದ, ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಗಾಬರಿಯಾದಾಗ ಅವನು ಕಿವಿ ಕೆರೆದುಕೊಳ್ಳುತ್ತಾನೆ, ಆರು ವರ್ಷದವನಿದ್ದಾಗಿನಿಂದ ಹಾಗೆಯೇ. ದಾರಿಯುದ್ದಕ್ಕೂ ಕಿವಿ ಕೆರೆಯುತ್ತಿದ್ದ. ಕಡ್ಡಿಗೆ ಇಟ್ಟ ಗುರಿ ಇವನಿಗೆ ತಗುಲುತ್ತದೆ ಅಂತ ನನಗೆ ಆಗ ಹೊಳೆಯಿತು. ಈಗಲೇ ಹೇಳಿಬಿಡಲೇ? ವ್ಯಾನು ನಿಲ್ಲಿಸಪ್ಪ, ನಾನು ಹೀಗೆ ಮಾಡಿದೆ ಅನ್ನಲೇ? ಕೈ ಚಾಚಿ ಅವನ ಕಾಲರು ಸರಿ ಮಾಡಿದೆ. ಹೇಳಲಿಲ್ಲ.

ಕಾರ್ಖಾನೆಯ ಊಟದ ಕೋಣೆಯಲ್ಲಿ ಉದ್ದುದ್ದ ಮೇಜುಗಳು. ಮೊದಲು ಬಂದವನು ಎಣ್ಣೆ ಮೆತ್ತಿದ ಕೈ ತೊಳೆದುಕೊಂಡು ಬಂದ ದಪ್ಪ ಮೆಕ್ಯಾನಿಕ್. ನಾನೇ ಬಡಿಸಿದೆ. ಅವನು ಮೊದಲ ತುತ್ತು ಬಾಯಿಗಿಡುವುದನ್ನು ಸೌಟು ಹಿಡಿದುಕೊಂಡೇ ನೋಡುತ್ತಿದ್ದೆ. ಅಗಿದ, ನುಂಗಿದ, ಇನ್ನೊಂದು ತುತ್ತು ಕಲಸಿದ. ಆಮೇಲೆ ತಟ್ಟೆ ಚಾಚಿದ. “ಇನ್ನೊಂದು ಸೌಟು ಹಾಕಮ್ಮ, ಕೈ ಬಿಗಿ ಮಾಡ್ಬೇಡ.”

ನನಗೆ ತಲೆಬುಡ ತಿಳಿಯಲಿಲ್ಲ. ಒಂದಿಷ್ಟು ಗ್ರೇವಿ ಹಿಡಿದು ಮರೆಗೆ ಹೋಗಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿದೆ. ಹದವಾಗಿತ್ತು. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ, ನನ್ನದೇ ಕೈಯ ಅಳತೆ. ಆಗ ಅರ್ಥವಾಯಿತು, ಕಡ್ಡಿ ಉಪ್ಪು ಹಾಕಿಯೇ ಇರಲಿಲ್ಲ. ಮರೆತಿದ್ದಾನೆ! ನಾನೂರು ಜನರ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತ ಮಾಸ್ಟರ್. ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದದ್ದೇ ತಡ, ಆ ಕಲ್ಲನ್ನು ಅವನ ಮೇಲೆ ಎಸೆಯುವ ಆಸೆ ಹುಟ್ಟಿತು. ಮನುಷ್ಯರ ಬುದ್ಧಿ ಹೇಗಿರುತ್ತದೆ ನೋಡಿ.

ಊಟ ಮುಗಿಯಿತು, ಕಾರ್ಖಾನೆಯವರು ನಾಳೆಯಿಂದಲೇ ಬನ್ನಿ ಅಂದರು. ಹಿಂದಿನ ಜಗುಲಿಯಲ್ಲಿ ಖಾಲಿ ಪಾತ್ರೆಗಳ ಪಕ್ಕ ನಾವೆಲ್ಲ ತಟ್ಟೆ ಹಿಡಿದು ಕೂತೆವು. ತಮ್ಮ, ಅವನ ಹೆಂಡತಿ, ಟಪಾಲು, ಗೋಡೆಗೆ ಒರಗಿ ನಿಂತೇ ತಿನ್ನುತ್ತಿದ್ದ ಕಡ್ಡಿ. ತಮ್ಮ ಅವನನ್ನು ಹೊಗಳಿದ್ದೇ ಹೊಗಳಿದ್ದು. “ಮಾಸ್ಟರ್, ಇವತ್ತು ನನ್ನ ಮಾನ ಉಳಿಸಿದ್ರಿ.”

“ಮಾನ ಉಳಿಸಿದ್ದು ಯಾರು ಅಂತ ಕೇಳು,” ಅಂದೆ ನಾನು. “ನಿನ್ನ ಮಾಸ್ಟರು ಗ್ರೇವಿಗೆ ಉಪ್ಪೇ ಹಾಕಿರ್ಲಿಲ್ಲ. ನಾನು ಹಾಕಿದ್ದಕ್ಕೆ ಆಯ್ತು. ಇಲ್ದಿದ್ರೆ ಇವತ್ತು ಎಲ್ಲಾರೂ ಸೇರಿ ನಮ್ಮನ್ನ ಓಡಿಸಿರೋರು.”

ಎಲ್ಲರ ಕೈ ತಟ್ಟೆಯಲ್ಲಿ ನಿಂತಿತು. ತಮ್ಮ ಕಡ್ಡಿಯ ಕಡೆ ತಿರುಗಿದ. “ಹೌದಾ ಮಾಸ್ಟರ್?”

“ಹೌದು ಸರ್. ನಾನು ಹಾಕಿರ್ಲಿಲ್ಲ.”

ನನಗೆ ಆದ ಸಂತೋಷಕ್ಕೆ ಎಣೆಯಿಲ್ಲ. ಅದು ಒಂದು ನಿಮಿಷವೂ ಬಾಳಲಿಲ್ಲ. ತಮ್ಮ ನನ್ನ ಕಡೆ ತಿರುಗಿದ. ಬಿರುಸಿನಿಂದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ.

“ಅಲ್ಲ ಅಕ್ಕ, ಅವ್ರು ಹಾಕಿಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತು? ನೀನು ರುಚಿ ನೋಡೋಳೇ ಅಲ್ವಲ್ಲ. ನಿನ್ನೆ ನಿನ್ನ ಮುಂದೇನೇ ಅವ್ರಿಗೆ ಹಾಕಿ ಅಂತ ಹೇಳಿದ್ದೀನಿ. ಹಾಕಿದ್ದಾರೆ ಅಂತಾನೇ ಅಲ್ವಾ ನೀನು ಅನ್ಕೋಬೇಕಾಗಿದ್ದಿದ್ದು?”

ರುಚಿ ನೋಡಿದೆ ಅನ್ನೋಣವೆಂದರೆ ಇಪ್ಪತ್ತೆರಡು ವರ್ಷದ ಜಂಬ ಅಡ್ಡ ನಿಂತಿತ್ತು, ಯಾರೂ ನಂಬುತ್ತಿರಲಿಲ್ಲ. ತಮ್ಮನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಟಪಾಲು ಅಗಿಯುವುದನ್ನು ನಿಲ್ಲಿಸಿದ್ದಳು. ಇನ್ನೆರಡು ಗಳಿಗೆಯಲ್ಲಿ ತಮ್ಮನಿಗೆ ಹೊಳೆಯುತ್ತಿತ್ತು, ಅವನೇನು ದಡ್ಡನಲ್ಲ.

“ನಾನೇ ಹೇಳಿದ್ದೆ ಸರ್,” ಅಂದ ಕಡ್ಡಿ. ಅವನ ತಟ್ಟೆ ಸಣ್ಣಗೆ ನಡುಗುತ್ತಿತ್ತು. “ವ್ಯಾನಿಗೆ ಹೋಗೋ ಮುಂಚೆ ಹೇಳಿ ಹೋದೆ, ಉಪ್ಪು ನೀವೇ ಹಾಕಿ ಅಕ್ಕ ಅಂತ. ನೀವು ಹೇಳಿದ್ದನ್ನ ಮೀರಿದೆ, ಕ್ಷಮಿಸಿ.”

“ಓ, ಹಾಗೋ,” ಅಂದ ತಮ್ಮ. ನಗುತ್ತ ನನಗೆ ಹೇಳಿದ, “ಮತ್ತೆ ಅವ್ರು ಮರೆತ ಹಾಗೆ ಹೇಳ್ತೀಯಲ್ಲ ಅಕ್ಕ. ನಿಂದು ಯಾವಾಗ್ಲೂ ಇದೇ ಆಯ್ತು.” ಎಲ್ಲರೂ ನಕ್ಕು ಮತ್ತೆ ಊಟಕ್ಕೆ ಕೈ ಹಾಕಿದರು. ಕಡ್ಡಿ ನನಗೆ ಏನನ್ನೂ ಹೇಳಿರಲಿಲ್ಲ. ಅದು ನನಗೆ ಗೊತ್ತು, ಅವನಿಗೆ ಗೊತ್ತು.

ಮನೆಗೆ ಬಂದು ಪಾತ್ರೆ ಇಳಿಸುವಾಗ ಅವನೊಬ್ಬನೇ ಸಿಕ್ಕ. ಯಾಕೆ ಸುಳ್ಳು ಹೇಳಿದೆ ಅಂತ ಕೇಳಿದೆ. ಕೇಳುವಾಗಲೂ ನನ್ನ ದನಿ ಜಗಳದ ದನಿಯೇ. ಅವನು ಟವೆಲಿನಲ್ಲಿ ಚಾಕು ಸುತ್ತುತ್ತ ನಿಧಾನವಾಗಿ ಹೇಳಿದ. ಅಷ್ಟು ಉದ್ದ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಆಸ್ಪತ್ರೇಲಿ ಹದಿನಾಲ್ಕು ವರ್ಷ ಉಪ್ಪು ಬಿಟ್ಟೋರಿಗೆ ಅಡುಗೆ ಮಾಡಿದೆ ಅಕ್ಕ. ನಾನೂ ಅದನ್ನೇ ತಿಂದೆ. ನನ್ನ ನಾಲಿಗೆಗೆ ಉಪ್ಪಿನ ಹದವೇ ಹೋಗಿಬಿಟ್ಟಿದೆ. ಆ ಕೆಲಸ ಹೋದ್ಮೇಲೆ ಆರು ಕಡೆ ಅಡುಗೆ ಮಾಡಿ ತೋರಿಸ್ದೆ, ಆರು ಕಡೇನೂ ಉಪ್ಪಲ್ಲೇ ಸೋತೆ. ಇಲ್ಲಿ ಮಾತ್ರ ಉಪ್ಪು ಹಾಕೋರು ಬೇರೆ ಇದ್ರು. ನಿನ್ನೆ ಅದನ್ನೇ ಹೇಳೋಣ ಅಂತಿದ್ದೆ, ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಭಯ ಆಯ್ತು. ಇವತ್ತು ನೀವೇ ಹಾಕ್ಲಿ, ನಾನಿದ್ರೆ ನಿಮಗೆ ಮುಜುಗರ ಅಂತ ಎಲ್ಲಾರನ್ನೂ ಕರ್ಕೊಂಡು ಹೊರಗೆ ಹೋದೆ. ನಿಮ್ಮ ಬೆರಳು ನೋವಲ್ವಾ, ಮುಚ್ಚಳ ಚಮಚದಲ್ಲಿ ಮೀಟಿ ತೆಗೆದಿಟ್ಟಿದ್ದೆ. ಕಿಟಕೀಲಿ ನೋಡ್ತಿದ್ದೆ, ನೀವು ಎದ್ದು ಹೋಗಿ ಹಾಕಿದ್ರಿ. ಆಗ ನಂಗೆ ಜೀವ ಬಂತು.”

ಮುಚ್ಚಳ ತೆರೆದದ್ದು ನನ್ನ ಬೆರಳಿಗಾಗಿ. ಇಡೀ ಊರಿನಲ್ಲಿ ಅವನು ನನ್ನ ಕೈಯೊಂದನ್ನೇ ನಂಬಿ ನಿಂತಿದ್ದ, ನಾನು ಆ ಕೈಯಿಂದಲೇ ಅವನ ಅನ್ನ ಕಸಿಯಲು ಹೊರಟಿದ್ದೆ.

“ನಾನು ಯಾಕೆ ಹಾಕಿದೆ ಅಂತ ನಿಂಗೆ ಗೊತ್ತಾ?” ಅಂದೆ.

“ಸರ್ ಕೇಳಿದಾಗ ನಿಮ್ಮ ಮುಖ ನೋಡಿ ಗೊತ್ತಾಯ್ತು,” ಅಂದ. ಆಮೇಲೆ ಚಾಕುವನ್ನು ಕಂಕುಳಿಗೆ ಸಿಕ್ಕಿಸಿ, “ಏನು ಅನ್ಕೊಂಡು ಹಾಕಿದ್ರೋ ಇರ್ಲಿ ಅಕ್ಕ. ಅಳತೆ ಸರಿ ಇತ್ತು,” ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳಬೇಡಿ. ಮೊದಲು ಅವನ ಅನ್ನ ಕಂಡು ಉರಿಯುತ್ತಿತ್ತು, ಈಗ ಅವನ ಗುಣ ಕಂಡೂ ಉರಿಯುತ್ತದೆ. ಅನ್ನವನ್ನಾದರೂ ಕಲಿಯಬಹುದು.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಡಬ್ಬಿ ಹಲಗೆಯ ಮೇಲೆ, ತನ್ನ ಹಳೆಯ ಜಾಗದಲ್ಲಿತ್ತು. ಮುಚ್ಚಳ ಸಡಿಲವಾಗಿತ್ತು. ಹತ್ತೂವರೆಗೆ ಅವನು ಉರಿ ಸಣ್ಣ ಮಾಡಿ, ಸರಿದು ನಿಂತು, ದಿನದ ಹಾಗೆಯೇ ಕರೆದ. “ಅಕ್ಕ, ಉಪ್ಪು.”

ತಡ ಮಾಡದೆ ಹೋದೆ. ಡಬ್ಬಿಗೆ ಕೈ ಹಾಕುವ ಮೊದಲು ಸೌಟು ತೆಗೆದುಕೊಂಡೆ, ಅಂಗೈಗೆ ಎರಡು ಹನಿ ಬಿಟ್ಟುಕೊಂಡೆ, ಎಲ್ಲರ ಮುಂದೆ ನಾಲಿಗೆಗೆ ಹಚ್ಚಿ ನೋಡಿದೆ. ತೊಳೆಯುತ್ತಿದ್ದ ಪಾತ್ರೆಯನ್ನು ಹಾಗೇ ಹಿಡಿದುಕೊಂಡು ಟಪಾಲು ನನ್ನನ್ನೇ ನೋಡುತ್ತಿದ್ದಳು. ಗ್ರೇವಿಯಲ್ಲಿ ಉಪ್ಪಿರಲಿಲ್ಲ. ಆಮೇಲೆ ಹಾಕಿದೆ.